ಉಣ್ಣುವಾಗಿನ ಗುನುಗು

ನನ್ನನ್ನು ಹೆತ್ತವಳೇ,

ನನ್ನನ್ನು ದತ್ತು ಕೊಟ್ಟ ದಿನವೇ, ನಿನ್ನ ಹೆಸರಿರುವ ಕಡತಕ್ಕೆ ಈ ನೆಬ್ರಾಸ್ಕಾ ರಾಜ್ಯದಲ್ಲಿ ಕಾನೂನಿನ ಬೀಗ ಬಿತ್ತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ.

ನಾನು ದತ್ತು ಪಡೆದ ಮೇವಿಸ್‌ಗೆ ಇವತ್ತು ಎಂಟು ತುಂಬಿತು. ಪ್ರತಿ ವರ್ಷದಂತೆ ಅವಳನ್ನು ಹೆತ್ತ ಕೊರಿನ್ ಬಂದಿದ್ದಳು. ಇಬ್ಬರೂ ಬೇಯಿಸಿದ ಜೋಳದ ತೆನೆ ಕಡಿಯುತ್ತಾ ಒಂದೇ ರಾಗದಲ್ಲಿ ಗುನುಗುತ್ತಿದ್ದರು. ಉಣ್ಣುವಾಗ ಗುನುಗಬೇಡವೆಂದು ನಾನು ಆ ಮಗುವನ್ನು ಎಷ್ಟು ಬೈದಿದ್ದೆ!

"ಇದು ನಮ್ಮಪ್ಪಂದು ಕಣೇ. ಊಟಕ್ಕೆ ಕೂತ್ರೆ ಜೇನುಗೂಡೇ!" ಎಂದು ಕೊರಿನ್ ನಕ್ಕಳು.

ಮೇವಿಸ್ ಹಿಗ್ಗಿ ಇನ್ನೂ ಜೋರಾಗಿ ಗುನುಗಿದಳು. ಅವರನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು.

ಆಮೇಲೆ ಅಂಗಳಕ್ಕಿಳಿದೆ. ಬಿಸಿಲು ಮುಖಕ್ಕೆ ಬಿದ್ದೊಡನೆ ಎಂದಿನಂತೆ ಮೂರು ಸಲ ಸೀನಿದೆ.

"ಅಮ್ಮಾ, ನಿನ್ ಸೀನು ಯಾರ್ದು?" ಎಂದಳು ಮೇವಿಸ್.

ಬಿಸಿಲಿಗೆ ಬಂದರೆ ನೀನೂ ಸೀನುತ್ತಿದ್ದೆಯಾ?