ವಿಭೂತಿ ಉದುರಿಸಿದ ಹೂವು

ನಿಲಂಗಾ, ಮಾರ್ಚ್ 14

ಪ್ರಣಿತಾಳ ಹುಟ್ಟುಹಬ್ಬಕ್ಕೆ ನಾನೇ ಮಾಡುತ್ತಿದ್ದ ಕಾರ್ಡು ಕೆಟ್ಟೇಹೋಯಿತು ಅಂದುಕೊಂಡಿದ್ದೆ. ಈ ನಾದಿನಿ ತನ್ನಿಷ್ಟದಂತೆ ಮದುವೆಯಾಗಿ ಉದಗೀರಕ್ಕೆ ಹೋದಮೇಲೆ ಅತ್ತೆ ಅವಳ ಹೆಸರೆತ್ತಿಲ್ಲ. ಕಾಗದ ಕತ್ತರಿಸುವ ಲೋಹದ ಅಚ್ಚು, ಆ ಡೈಯಲ್ಲಿ ಎಲೆಗಳು ಚೆಂದ ಕತ್ತರಿಸಿ ಬಂದವು. ಆದರೆ ನುಣುಪು ಕಾಗದದ ಮೇಲೆ ಅಚ್ಚೊತ್ತಿದ ಹೂವಿನ ಮಸಿ ಒಣಗಲೇ ಇಲ್ಲ.

ಪೂಜೆ ಮುಗಿಸಿ ಬಂದ ಅತ್ತೆ ನಿಂತು ನೋಡಿದರು. “ಯಾರಿಗವ್ವಾ ಇದು?”

“ಪ್ರಣಿತಾಗ್ರೀ.”

ಬೈಗುಳಕ್ಕೆ ಕಾದೆ. ಅವರು ವಿಭೂತಿ ಪುಡಿ ಮಾಡಿ ಹಸಿ ಹೂವಿನ ಮೇಲೆ ಉದುರಿಸಿ, ಮೆಲ್ಲಗೆ ಊದಿದರು. ಎಂಥ ಕೈ! ಎಸಳುಗಳು ಮಂಜು ಬಿದ್ದಂತೆ ಬೆಳ್ಳಗಾದವು.

“ಈಗ ಕಳಸು. ಆಕಿ ಕೈಗಿ ಮಸಿ ಹತ್ತಂಗಿಲ್ಲ.”

ಒಳಗಿನ ಖಾಲಿ ಹಾಳೆಯಲ್ಲಿ ಅವರ ಮೂರು ಬೆರಳು ಬಿಳಿಯಾಗಿ ಮೂಡಿವೆ. ಬೇಕೆಂದೇ ಒತ್ತಿದರೋ, ಹಿಡಿದಾಗ ತಾಗಿತೋ. ನಾನು ಏನೂ ಬರೆಯಲಿಲ್ಲ. ಪ್ರಣಿತಾ ಶಾಲೆಗೆ ಹೊರಟಾಗಲೆಲ್ಲ ಅವಳ ಹಣೆಗೆ ವಿಭೂತಿ ಹಚ್ಚಿದ ಬೆರಳುಗಳವು.