ನೀನು ತಳ್ಳುತ್ತಿದ್ದ ಅರ್ಧ ತಟ್ಟೆ

ಇವಳೇ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಪರದೇಶ ನೋಡಲು ಬಂದಿದ್ದೇನೆ, ಅದೂ ಒಬ್ಬನೇ. ನಗಬೇಡ. ಮಧ್ಯಾಹ್ನ ಮಾರುಕಟ್ಟೆ ಪಕ್ಕದ ಪುಟ್ಟ ಹೋಟೆಲಿಗೆ ಹೋಗಿದ್ದೆ. ಇರುವುದು ಐದೇ ಮೇಜು. ಬೆಳಗ್ಗೆ ಮಾರುಕಟ್ಟೆಯಲ್ಲಿ ಸಿಕ್ಕಿದ್ದೇ ಅಡುಗೆ. ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದ್ದರೂ ಹೋಟೆಲಿನ ಯಜಮಾನಿಗೆ ಗತ್ತಿನಿಂದ "ಓನ್ಲಿ ಸ್ಮಾಲ್ ಪ್ಲೇಟ್, ಮೇಡಂ" ಎಂದೆ. ಬೆಣ್ಣೆಯಲ್ಲಿ ಹುರಿದ ಅಣಬೆ, ನಾಲ್ಕೇ ತುತ್ತಿಗೆ ಖಾಲಿ! ಆದರೂ ಚಮಚ ಹಿಡಿದು ಕಾಯುತ್ತ ಕೂತೆ. ಯಾಕೆಂದು ತಡವಾಗಿ ಹೊಳೆಯಿತು. ಯಾವ ಹೋಟೆಲಿಗೆ ಹೋದರೂ "ನಂಗೆ ಸಾಕಪ್ಪ, ನೀವೇ ಮುಗಿಸಿ" ಎಂದು ಅರ್ಧ ತಟ್ಟೆ ಈಚೆ ತಳ್ಳುತ್ತಿದ್ದೆಯಲ್ಲ, ಆ ಧೈರ್ಯದಲ್ಲೇ ಕಡಿಮೆ ಹೇಳಿದ್ದೆ.

ಯಜಮಾನಿ ನಗುತ್ತ ಇನ್ನೊಂದು ತಟ್ಟೆ ತಂದಿಟ್ಟಳು. ನಿನಗೆ ನಿಜವಾಗಿಯೂ ಸಾಕಾಗುತ್ತಿತ್ತೋ, ಈ ಹೊಟ್ಟೆಬಾಕನಿಗೆಂದು ಬಿಡುತ್ತಿದ್ದೆಯೋ, ಒಮ್ಮೆಯೂ ಕೇಳಲಿಲ್ಲ. ಇಂದು ಅರ್ಧ ತಿಂದು, ತಟ್ಟೆಯನ್ನು ಎದುರಿನ ಖಾಲಿ ಕುರ್ಚಿಯ ಕಡೆ ನಾನೇ ತಳ್ಳಿದೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಎಳೆದುಕೊಂಡು ಮುಗಿಸಿದೆ ಕಣೇ; ತಣ್ಣಗಾಗಲು ಬಿಟ್ಟರೆ ನೀನು ಸುಮ್ಮನಿರುತ್ತೀಯಾ?