ಪೈಪು ಬಳಸಿ ಹೋದ ಜಾಗ

ತೀಕೋಯಿ
ಮಾರ್ಚ್ ೧೧, ೧೯೯೮

ಜೋಮೋನನ ಅಪ್ಪಚ್ಚನಿಗೆ,

ಈಶೋವಿಗೆ ಸ್ತುತಿ. ನೀವು ಪುಲ್ಪಳ್ಳಿಯಲ್ಲಿ ತಂಗಿಯ ಮನೆ ಸೇರಿ, ಕಾಳುಮೆಣಸು ಕೊಯ್ದುಕೊಂಡು ಸುಖವಾಗಿದ್ದೀರಿ ಅಂತ ನಿಮ್ಮ ಅಮ್ಮಚ್ಚಿಗೆ ಬಂದ ಕಾಗದದಿಂದ ತಿಳಿಯಿತು. ಹೆತ್ತವಳಿಗೆ ಎರಡು ಪುಟ, ಕಟ್ಟಿಕೊಂಡವಳಿಗೆ ಒಂದು ಸಾಲೂ ಇಲ್ಲ. ಇರಲಿ. ನಾನಾಗಿ ಬರೆಯಲೇಬಾರದು ಅಂತಿದ್ದೆ. ಆದರೆ ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ, ಅದನ್ನು ಕೇಳದೆ ನನಗೆ ಅನ್ನ ಇಳಿಯುತ್ತಿಲ್ಲ.

ಮೊದಲು ನಡೆದದ್ದು ಹೇಳುತ್ತೇನೆ. ಹೋದ ಸೋಮವಾರ ಮೋಟಾರ್ ಹಾಕಿದ್ದೇ ಬಂತು, ಮೇಲಿನ ಟ್ಯಾಂಕಿಗೆ ಒಂದು ಹನಿ ಹತ್ತಲಿಲ್ಲ. ಬಾವಿಯಲ್ಲಿ ನೀರು ಕಣ್ಣಿಗೆ ಕಾಣುತ್ತದೆ, ಮೋಟಾರು ಗುಂಯ್ ಅನ್ನುತ್ತದೆ, ನಡುವೆ ನೀರು ಎಲ್ಲಿ ಮಾಯ? ಸೇದಿ ಸೇದಿ ನನ್ನ ಸೊಂಟ ಬಿದ್ದುಹೋಯಿತು. ಪೈಪು ನೆಲದಡಿ ಎಲ್ಲಿ ಹೋಗಿದೆ ಅಂತ ಬಲ್ಲವರು ನೀವೊಬ್ಬರೇ. ಹಾಕುವಾಗ ನನ್ನನ್ನೂ ಮಗನನ್ನೂ ತವರಿಗೆ ಕಳಿಸಿ, ಒಬ್ಬರೇ ಅಗೆದು ಮುಚ್ಚಿದ್ದಿರಲ್ಲ. ಆಗ ಅದನ್ನು ನನ್ನ ಮೇಲಿನ ಕನಿಕರ ಅಂದುಕೊಂಡಿದ್ದೆ.

ಪ್ಲಂಬರ್ ಬೆನ್ನಿ ಬಂದ. ಬಾವಿಯಿಂದ ಮನೆಗೆ ನೇರವಾಗಿ ದಾರ ಕಟ್ಟಿದ. ನಡು ಅಂಗಳದಲ್ಲಿ ಜೋಮೋನನ ಜೀಪಿನ ಶೆಡ್ಡಿಗೆ ತರಿಸಿದ ಕಲ್ಲಿನ ರಾಶಿ. ಅದಕ್ಕೆ ತಾಗಿದಂತೆಯೇ ಆಚೆ ಒಂದು, ಈಚೆ ಒಂದು ಗುಂಡಿ ತೋಡಿದ. ಎರಡರಲ್ಲೂ ಬರೀ ಮಣ್ಣು. ಮಧ್ಯಾಹ್ನ ಮರಗೆಣಸಿಗೆ ಜೀರಿಗೆಮೆಣಸಿನ ಚಟ್ನಿ ಹಚ್ಚಿ ತಿನ್ನುತ್ತಾ, "ಚೇಡತ್ತಿ, ಪೈಲಿಚ್ಚಾಯ ನಿಜವಾಗ್ಲೂ ಪೈಪ್ ಹಾಕಿದ್ರಾ, ಇಲ್ಲಾ ಹಾಕ್ದೆ ಅಂತ ನಿಮ್ಗೆ ಹೇಳಿದ್ರಾ?" ಅಂದ. ನಿಮ್ಮನ್ನು ಬೈಯಲು ಒಬ್ಬ ಜೊತೆಗಾರ ಸಿಕ್ಕಿದನಲ್ಲ ಅಂತ ನನಗೆ ಖುಷಿಯೇ ಆಯಿತು.

ಆಮೇಲೆ ನಾನೇ ಮೋಟಾರ್ ಹಾಕಿಸಿ ಅಂಗಳವೆಲ್ಲ ಬರಿಗಾಲಲ್ಲಿ ತಿರುಗಿದೆ. ಈ ಬಿಸಿಲಲ್ಲಿ ಒದ್ದೆ ಎಷ್ಟು ಹೊತ್ತು ಅಡಗಿ ಕೂತೀತು? ಜಾಯಿಕಾಯಿ ಮರದ ಹತ್ತಿರ ಕಾಲಿಗೆ ತಂಪು ಹತ್ತಿತು. ದಾರ ಎಲ್ಲೋ, ಒದ್ದೆ ಎಲ್ಲೋ! ಅಗೆದರೆ ಪೈಪು ತಿರುಗುವ ಮೂಲೆಯ ಎಲ್ಬೋ ಒಡೆದಿತ್ತು. ಕಲ್ಲು ತಂದ ಲಾರಿ ಅದರ ಮೇಲೇ ಹತ್ತಿತ್ತು. ಹೌದು, ನೀವು ಬೇಡವೆಂದ ಜಾಗಕ್ಕೇ ಕಲ್ಲು ತರಿಸಿದವಳು ನಾನು. ಯಾಕೆ ಬೇಡ ಅಂತ ಕೇಳಿದರೆ, ಬೇಡ ಅಂದರೆ ಬೇಡ ಅಂತ ಕೊಡೆ ಎತ್ತಿಕೊಂಡು ಬಸ್ಸು ಹತ್ತಿದ ಗಂಡಸಿನ ಮಾತು ಯಾರು ಕೇಳುತ್ತಾರೆ?

ಆದರೆ ಪೈಪು ಅಲ್ಲಿಗೆ ಯಾಕೆ ಹೋಯಿತು ಅನ್ನುವುದು ನನ್ನ ತಲೆ ಹೊಕ್ಕಿತು. ಒಡಕು ಸಿಕ್ಕಿತು, ಇನ್ನು ಸಾಕು ಅಂದ ಬೆನ್ನಿ. ನಾನು ಬಿಡಲಿಲ್ಲ, ಪೂರ್ತಿ ಅಗೆಸಿದೆ. ಬಾವಿಯಿಂದ ನೇರ ಬಂದ ಪೈಪು ತಟ್ಟನೆ ಎಡಕ್ಕೆ ತಿರುಗಿ, ಈಗ ಕಲ್ಲು ಬಿದ್ದಿರುವ ಚಾಪೆಯಗಲದ ಜಾಗವನ್ನು ಬಳಸಿ, ಮತ್ತೆ ಹಳೇ ದಾರಿಗೆ ಬಂದಿದೆ. ಹರಿದ ಚಪ್ಪಲಿಗೆ ಮೊಳೆ ಹೊಡೆದು ಮೆಟ್ಟುವ ನೀವು ಸುಮ್ಮಸುಮ್ಮನೆ ನಾಲ್ಕು ಎಲ್ಬೋ ದಂಡ ಮಾಡುವವರೇ? ಕೆಳಗೆ ಬಂಡೆ ಇರಬೇಕು ಅಂತ ಬೆನ್ನಿ ನಾಲ್ಕು ಕಲ್ಲು ಸರಿಸಿ ಹಾರೆ ಎತ್ತಿದ. ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತಿದ್ದ ಅಮ್ಮಚ್ಚಿ, ಹಿಡಿದೆತ್ತದೆ ಏಳಲಾರದವರು, ತಾವಾಗಿಯೇ ಎದ್ದು ನಿಂತರು.

"ಅಲ್ಲಿ ಹಾರೆ ಹಾಕ್ಬೇಡ್ವೋ."

ಬೆನ್ನಿಯನ್ನು ಚಹಾಕ್ಕೆ ಕಳಿಸಿ ಅವರ ಪಕ್ಕ ಕೂತೆ. ಜಪಮಾಲೆಯನ್ನು ಮಡಿಲಿಗೆ ಇಟ್ಟರು. ಆಮೇಲೆ, "ನಿನ್ನ ಚೊಚ್ಚಲು ಕೂಸು ಅಲ್ಲೇ ಇದೆ ಏಲೀ. ಉಸಿರಿಲ್ದೆ ಹುಟ್ಟಿದ್ದು, ಜ್ಞಾನಸ್ನಾನ ಆಗ್ಲಿಲ್ಲ, ಅದಕ್ಕೇ ಇಗರ್ಜಿ ಸ್ಮಶಾನದ ಮಣ್ಣು ಸಿಗ್ಲಿಲ್ಲ. ಜಾಗ ಗೊತ್ತಾದ್ರೆ ನೀನು ಅಲ್ಲೇ ಕೂತು ಅಳ್ತೀಯಾ ಅಂತ ಹೇಳ್ಬೇಡ ಅಂದೆ. ಅವನ ಹತ್ರ ಆಣೆ ಹಾಕಿಸ್ಕೊಂಡೆ" ಅಂದರು.

ಜ್ವರದಲ್ಲಿ ಬಿದ್ದಿದ್ದ ನನಗೆ ನೀವು ಆ ಬಟ್ಟೆಯ ಗಂಟು ಎತ್ತಿಕೊಂಡು ಹೊರಗೆ ಹೋದದ್ದಷ್ಟೇ ನೆನಪು. ಹೊಳೆದಂಡೆಗೆ ಹೋಗಿರಬೇಕು ಅಂದುಕೊಂಡಿದ್ದೆ. ನೀವು ಅದನ್ನು ಮರೆತೇಬಿಟ್ಟಿರಿ ಅಂತ ಇಷ್ಟು ವರ್ಷ ಒಳಗೊಳಗೇ ಕುದಿದೆ. ಆ ಜಾಗದಲ್ಲಿ ಹಸು ಕಟ್ಟಲು ಬಿಡಲಿಲ್ಲ, ಗೆಣಸು ಊರಲು ಬಿಡಲಿಲ್ಲ, ನಾನು ಅದನ್ನು ಹಠ ಅಂದೆ. ಎಂಥ ಮನುಷ್ಯ ನೀವು! ಹೆಂಡತಿಗಿಂತ ಆಣೆ ಹೆಚ್ಚಾಯಿತೇ? ಅಳುವೂ ಬಂತು, ಸಿಟ್ಟೂ ಬಂತು. ಹೌದು, ಅಮ್ಮಚ್ಚಿ ಹೆದರಿದಂತೆಯೇ ಅಲ್ಲಿ ಹೋಗಿ ಕೂತೆ.

ಚಹಾ ಕುಡಿದು ಬಂದ ಬೆನ್ನಿ, ಹೇಗೂ ಅಗೆದಾಗಿದೆ, ಇನ್ನು ನೇರವಾಗಿ ಎಳೆದುಬಿಡೋಣ, ನೀರೂ ಜೋರಾಗಿ ಬರುತ್ತದೆ ಅಂದ. "ಮೊದ್ಲು ಹೇಗಿತ್ತೋ ಹಾಗೇ ಹಾಕು. ಒಂದಂಗುಲ ಈಚೆ ಬರ್ಬಾರ್ದು" ಅಂದೆ. ಗಂಡನಿಗೆ ತಕ್ಕ ಹೆಂಡತಿ ಅಂದುಕೊಂಡಿರಬೇಕು. ಈಗ ಟ್ಯಾಂಕು ತುಂಬುತ್ತದೆ. ಕಲ್ಲನ್ನೆಲ್ಲ ಜೋಮೋನ್ ಹಟ್ಟಿಯ ಆಚೆಗೆ ಹೊತ್ತು ಹಾಕಿದ, ಶೆಡ್ಡು ಇನ್ನು ಅಲ್ಲೇ. ಯಾಕೆ ಅಂತ ಕೇಳಿದ. ನಿನ್ನ ಅಪ್ಪಚ್ಚ ಬಂದು ಹೇಳುತ್ತಾರೆ ಅಂದಿದ್ದೇನೆ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ಏಲಿಕುಟ್ಟಿ

ತಾ.ಕ.: ಕೇಳಬೇಕೆಂದ ಮಾತು ಉಳಿದೇಹೋಯಿತು. ಅಮ್ಮಚ್ಚಿ ಅವತ್ತು ಮುಖ ತಿರುಗಿಸಿಕೊಂಡಿದ್ದರಂತೆ, ಸೂಲಗಿತ್ತಿ ಸತ್ತು ಎಷ್ಟೋ ಕಾಲವಾಯಿತು. ನೋಡಿದವರು ಈಗ ನೀವೊಬ್ಬರೇ. ಅದು ಹೆಣ್ಣೋ, ಗಂಡೋ? ಕಾಗದದಲ್ಲಿ ಬರೆಯಬೇಡಿ. ಬಂದು ಹೇಳಿ.